ಕ್ಯಾಂಪಿನಲ್ಲಿ ಹುಟ್ಟಿದ ಹಾಡು

ರಂಗಗೀತೆಗಳ ಬಗ್ಗೆ ಈಚೆಗೆ ಬರುತ್ತಿರುವ ಲೇಖನಗಳಲ್ಲಿ ಎರಡು ಮಾತು ತಪ್ಪದೆ ಇರುತ್ತವೆ. ಕಂಪನಿ ನಾಟಕದ ಹಾಡುಗಳೆಲ್ಲ ಪಾರ್ಸಿ, ಮರಾಠಿ ಮಟ್ಟುಗಳ ನಕಲು ಎಂಬುದು ಒಂದು. ನಿಜವಾದ ರಂಗಸಂಗೀತ ಹುಟ್ಟಿದ್ದು ರಂಗನಿರ್ದೇಶಕ ಬಿ.ವಿ. ಕಾರಂತರಿಂದ, ಅದಕ್ಕೆ ಮೊದಲಿದ್ದದ್ದು ಮುಗಿದ ಕಥೆ ಎಂಬುದು ಇನ್ನೊಂದು. ಗುಬ್ಬಿ, ಕುಣಿಗಲ್, ತುಮಕೂರು ಸೀಮೆಯ ಹಳ್ಳಿಗಳಲ್ಲಿ ಹಾರ್ಮೋನಿಯಂ ಮುಂದೆ ಕೂತು ಬದುಕು ಸವೆಸಿದವರು ಯಾರೂ ಈ ಮಾತುಗಳನ್ನು ಒಪ್ಪುವುದಿಲ್ಲ. ನಾನೂ ಒಪ್ಪುವುದಿಲ್ಲ.

ಮೊದಲಿನ ಘಟ್ಟವನ್ನು ಬೇಗ ಹೇಳಿ ಮುಗಿಸುತ್ತೇನೆ. ಈ ಸೀಮೆಯ ಹಳೆಯ ಆಟ ಮೂಡಲಪಾಯ ಯಕ್ಷಗಾನ. ಭಾಗವತ, ಮದ್ದಳೆ, ಮುಖವೀಣೆ, ಊರ ಬಯಲು ಇದ್ದರೆ ಆಟ ನಡೆಯುತ್ತಿತ್ತು. ಜೀ.ಶಂ. ಪರಮಶಿವಯ್ಯನವರಂಥವರು ಹಳ್ಳಿ ಹಳ್ಳಿ ಸುತ್ತದಿದ್ದರೆ ವಿದ್ವಾಂಸರಿಗೆ ಅದರ ಪರಿಚಯವೇ ಆಗುತ್ತಿರಲಿಲ್ಲ. 1870ರ ದಶಕದಲ್ಲಿ ಗದಗ ಸೀಮೆಯಲ್ಲಿ ಶಾಂತಕವಿಗಳು ನಾಟಕ ಕಟ್ಟಿದರು. ಆಮೇಲೆ ಮೈಸೂರು ಅರಮನೆಯ ಆಸರೆಯಲ್ಲಿ ಬಸವಪ್ಪ ಶಾಸ್ತ್ರಿಗಳ ನಾಟಕಗಳು ರಂಗಕ್ಕೆ ಬಂದವು. ಪಾರ್ಸಿ ಕಂಪನಿಗಳು ಪರದೆ ತಂದವು, ಮರಾಠಿ ಸಂಗೀತ ನಾಟಕ ಹಾಡುವ ನಟನನ್ನು ತಂದಿತು. ಇದೆಲ್ಲ ಪಠ್ಯಪುಸ್ತಕಗಳಲ್ಲೇ ಇದೆ.

ನಮ್ಮ ಕಥೆ ಶುರುವಾಗುವುದು 1884ರಲ್ಲಿ. ಗುಬ್ಬಿಯಲ್ಲಿ ಚಂದಣ್ಣನವರೂ ಅವರ ಗೆಳೆಯರೂ ಸೇರಿ ಊರ ದೇವರಾದ ಚನ್ನಬಸವೇಶ್ವರನ ಹೆಸರಿನಲ್ಲಿ ನಾಟಕ ಸಂಘ ಕಟ್ಟಿದರು. ಚಿಕ್ಕ ಹುಡುಗನಾಗಿ ಅದರೊಳಗೆ ಕಾಲಿಟ್ಟ ವೀರಣ್ಣನವರು 1917ರಲ್ಲಿ ಅದರ ಒಡೆಯರಾದರು. ಅಲ್ಲಿಂದ ಮುಂದೆ ಕಂಪನಿ ಒಂದು ಊರಿನದ್ದಾಗಿ ಉಳಿಯಲಿಲ್ಲ. ಡೇರೆ, ಪರದೆ, ಪೆಟ್ಟಿಗೆ, ಅಡುಗೆಮನೆ, ಬಾಣಂತಿ, ಕೂಸು ಎಲ್ಲವೂ ಊರಿಂದೂರಿಗೆ ಹೊರಟವು. ಹೊಸ ಊರಿನಲ್ಲಿ ಕ್ಯಾಂಪ್ ಹಾಕಿದರೆ ಆ ಊರು ಒಲಿಯುವವರೆಗೆ ಯಾರಿಗೂ ನಿದ್ದೆ ಇಲ್ಲ. ಹಾಡು ಹುಟ್ಟಿದ್ದು ಈ ಬದುಕಿನೊಳಗೆ.

ವಿಮರ್ಶಕರು ಮರೆಯುವುದು ಇದನ್ನೇ. ಕೆರಿಬಿಯನ್ ಕಡಲಿನ ಹಾಯಿಹಡಗುಗಳಲ್ಲಿ ಹಗ್ಗ ಎಳೆಯುತ್ತ ಹಾಡಿದವರ ಹಾಡುಗಳನ್ನು ಲೋಕ ಇಂದು ಗೌರವದಿಂದ ಸಂಗ್ರಹಿಸುತ್ತದೆ. ಎಳೆತದ ಲಯವೇ ಅಲ್ಲಿ ತಾಳ ಎಂಬುದು ಎಲ್ಲರಿಗೂ ಗೊತ್ತು. ಕಂಪನಿಯ ಹಾಡನ್ನೂ ಅದರ ದುಡಿಮೆಯ ನಡುವೆ ಇಟ್ಟು ನೋಡಬೇಕು. ಒಳಗೆ ದರ್ಬಾರ್ ಸೀನ್ ಕಟ್ಟುತ್ತಿರುವಾಗ ಮುಂದಿನ ಪರದೆ ಇಳಿಸಿ ಬೀದಿ ಸೀನ್ ಆಡಿಸುತ್ತಿದ್ದರು. ಹಾಸ್ಯದ ಜೋಡಿಯ ಹಾಡು ಎಷ್ಟು ಉದ್ದ ಇರಬೇಕೆಂದು ತೀರ್ಮಾನಿಸುತ್ತಿದ್ದವರು ಒಳಗೆ ಸಿಂಹಾಸನ ಹೊರುತ್ತಿದ್ದ ಆಳುಗಳು. ಒಳಗಿನಿಂದ ಸಿಳ್ಳೆ ಬಂದರೆ ಹಾಡು ನಿಲ್ಲಬೇಕು, ಬಾರದಿದ್ದರೆ ಇನ್ನೊಂದು ಚರಣ. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವನಿಗೂ ಕೇಳಬೇಕಿದ್ದರಿಂದ ಶ್ರುತಿ ಮೇಲಿರುತ್ತಿತ್ತು, ಸಾಹಿತ್ಯದಲ್ಲಿ ದೀರ್ಘಾಕ್ಷರ ಹೆಚ್ಚಿರುತ್ತಿತ್ತು. ಪಲ್ಲವಿಯ ಮೊದಲ ಮಾತಿನಲ್ಲೇ ಪಾತ್ರದ ಗುಣ ತಿಳಿಯಬೇಕಿತ್ತು. ಮಟ್ಟು ಎಲ್ಲಿಂದ ಬಂದಿತೆಂದು ಹುಡುಕುವವರು ಇದಾವುದನ್ನೂ ಕೇಳಿಸಿಕೊಂಡಿಲ್ಲ. ಆ ಕಾಲದ ಹಾಡಿನ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೇ ಇಂಥ ಮಟ್ಟು ಎಂದು ಅಚ್ಚಾಗಿರುತ್ತಿತ್ತು. ಬಚ್ಚಿಟ್ಟುಕೊಂಡವರು ಯಾರೂ ಇರಲಿಲ್ಲ.

ಕವಿಗಳಲ್ಲಿ ಮೊದಲು ನೆನೆಯಬೇಕಾದವರು ತುಮಕೂರಿನ ಪಕ್ಕದ ಬೆಳ್ಳಾವೆಯ ನರಹರಿ ಶಾಸ್ತ್ರಿಗಳು. 'ಸದಾರಮೆ', 'ಕೃಷ್ಣಲೀಲೆ'ಗಳನ್ನು ಬರೆದವರು ಅವರು. 'ಸದಾರಮೆ'ಯಲ್ಲಿ ವೀರಣ್ಣನವರ ಕಳ್ಳನ ಪಾತ್ರ ಮನೆಮಾತಾಯಿತು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಂದಾಗ ಮಾತು, ಹಾಡು ಬರೆದವರೂ ಅವರೇ. ಕನ್ನಡ ಸಿನಿಮಾ ಹಾಡಿನ ಬೇರು ತುಮಕೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಈ ಸಂಗತಿ ನಮ್ಮ ಜಿಲ್ಲೆಯ ಶಾಲೆ ಮಕ್ಕಳಿಗೂ ಗೊತ್ತಿಲ್ಲ. ಅದೇ 1934ರಲ್ಲಿ ಗುಬ್ಬಿ ಕಂಪನಿ ಬಿ. ಪುಟ್ಟಸ್ವಾಮಯ್ಯನವರ 'ಕುರುಕ್ಷೇತ್ರ'ವನ್ನು ಆನೆ ಕುದುರೆ ಸಮೇತ ರಂಗಕ್ಕೆ ತಂದಿತು. ಜನ ಆನೆಯ ಮಾತನ್ನೇ ಆಡಿದರು, ಹಾಡಿನ ಮಾತು ಹಿಂದೆ ಬಿತ್ತು. ಹೆಣ್ಣು ಪಾತ್ರವನ್ನು ಹೆಣ್ಣುಮಕ್ಕಳೇ ಮಾಡುವ ದಾರಿಯನ್ನು ಈ ಕಂಪನಿ ಗಟ್ಟಿ ಮಾಡಿತು. ಬಿ. ಜಯಮ್ಮನವರ ಕಂಠ ಬಂದ ಮೇಲೆ ನಾಯಕಿಯ ಹಾಡಿನ ಧಾಟಿಯೇ ಬದಲಾಯಿತು. ಗಂಡಸರು ಎಳೆದು ಹಾಡುತ್ತಿದ್ದ ಶೋಕರಸ ಮಾತಿಗೆ ಹತ್ತಿರವಾಯಿತು. ಹಾಡುವ ನಟ ಎ.ವಿ. ವರದಾಚಾರ್ಯರ ರಾಗವಿಸ್ತಾರ ದೊಡ್ಡದು, ಸಂದೇಹವಿಲ್ಲ. ಆದರೆ ರಾಗಕ್ಕಾಗಿ ಕಥೆ ಕಾಯುವುದಕ್ಕಿಂತ ಕಥೆಯ ಜೊತೆ ನಡೆಯುವ ಹಾಡು ಮೇಲೆಂದು ನನ್ನ ಎಣಿಕೆ, ಗುಬ್ಬಿಯವರು ಹಿಡಿದದ್ದು ಈ ದಾರಿ.

ಇದೇ ಹೊತ್ತಿಗೆ, 1940ರಲ್ಲಿ, ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಆ ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಕಾಲಿನಲ್ಲಿ ತಿದಿ ಒತ್ತುತ್ತ, ಕಣ್ಣನ್ನು ನಟನ ಮುಖದಿಂದ ಕೀಳದೆ, ನಾಟಕವನ್ನೇ ನಡೆಸುತ್ತಿದ್ದ ಮೇಷ್ಟ್ರುಗಳ ವಾದ್ಯಕ್ಕೆ ರೇಡಿಯೋದಲ್ಲಿ ಜಾಗವಿರಲಿಲ್ಲ. ಅವರ ಕೈಚಳಕ ದಾಖಲಾಗದೆ ಹೋದದ್ದಕ್ಕೆ ಇದೂ ಒಂದು ಕಾರಣ.

1954ರ 'ಬೇಡರ ಕಣ್ಣಪ್ಪ' ಚಿತ್ರದ ಹೊತ್ತಿಗೆ ಕಂಪನಿಯ ಕಂಠಗಳೆಲ್ಲ ಸಿನಿಮಾಕ್ಕೆ ಹೊರಟಿದ್ದವು. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಎಲ್ಲರೂ ಗುಬ್ಬಿಯ ನೀರು ಕುಡಿದವರೇ. ಕಾರಂತರೂ ಅಷ್ಟೆ. ಹುಡುಗನಾಗಿ ಓಡಿಬಂದು ಕಂಪನಿ ಸೇರಿದ ಅವರನ್ನು ಕಾಶಿಗೆ ಓದಲು ಕಳಿಸಿದವರು ವೀರಣ್ಣನವರು. 1970ರ ದಶಕದ ಆರಂಭದಲ್ಲಿ 'ಜೋಕುಮಾರಸ್ವಾಮಿ', 'ಹಯವದನ' ನಾಟಕಗಳಲ್ಲಿ ಕಾರಂತರು ಮಾಡಿದ ಸಂಗೀತ ದೊಡ್ಡ ಕೆಲಸ. ಶಬ್ದ, ಮೌನ, ಗುಂಪಿನ ದನಿ ಎಲ್ಲವನ್ನೂ ಅವರು ಹಾಡಿನೊಳಗೆ ತಂದರು. ಆದರೆ ನಟನ ಕಂಠವೇ ಹಾಡಿನ ಅಳತೆ ಎಂಬ ಪಾಠವನ್ನು ಅವರು ಕಲಿತದ್ದು ಡೇರೆಯಲ್ಲಿ. ಅವರನ್ನು ಕಂಪನಿಯಿಂದ ಬೇರ್ಪಡಿಸಿ ಹೊಗಳುವುದು ಅವರಿಗೆ ಮಾಡುವ ಅನ್ಯಾಯ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರು ಹಾಡಿದಾಗ ಈ ಎರಡೂ ಹೊಳೆ ಒಂದೇ ಕಂಠದಲ್ಲಿ ಸೇರಿದ್ದನ್ನು ಯಾರು ಬೇಕಾದರೂ ಕೇಳಬಹುದು.

ಸಾಮಾನ್ಯವಾಗಿ ಸಮೀಕ್ಷೆಗಳು ಇಲ್ಲಿಗೆ ನಿಲ್ಲುತ್ತವೆ. ಆದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಈ ಹಾಡು ನಿಂತಿಲ್ಲ. ಸುಗ್ಗಿ ಮುಗಿದ ಮೇಲೆ, ಜಾತ್ರೆಯ ಹೊತ್ತಿಗೆ, ಊರಿಗೊಂದು ಕುರುಕ್ಷೇತ್ರ. ಬಾಡಿಗೆ ಸೀನರಿ, ಬಾಡಿಗೆ ಕಿರೀಟ. ಪಾತ್ರಕ್ಕಿಷ್ಟು ಎಂದು ಕೈಯಿಂದ ಹಣ ಹಾಕುವವರು ರೈತರು, ಗಾರೆ ಕೆಲಸದವರು, ಬಸ್ ಕಂಡಕ್ಟರುಗಳು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಸಂಜೆ ಬಂದು ಕಲಿಸುತ್ತಾರೆ. ಓದು ಬಾರದವನಿಗೆ ಕಂದಪದ್ಯ ಬಾಯಿಪಾಠ ಮಾಡಿಸುವುದು ಸಣ್ಣ ವಿದ್ಯೆಯಲ್ಲ. ಮೊದಲು ಅವನ ಕಂಠ ಎಲ್ಲಿ ನಿಲ್ಲುತ್ತದೆಂದು ನೋಡಿ ಶ್ರುತಿ ಗೊತ್ತುಮಾಡಬೇಕು. ಆಮೇಲೆ ಪದ್ಯವನ್ನು ಉಸಿರಿಗೆ ತಕ್ಕಂತೆ ಒಡೆದು ಕೊಡಬೇಕು. ಮೋಹನ ರಾಗದಲ್ಲಿ ಎತ್ತಿದ ಸಾಲು ಅವನ ಬಾಯಲ್ಲಿ ಬೇರೆಡೆಗೆ ಜಾರಿದರೆ ಬಯ್ಯದೆ, ಹಾರ್ಮೋನಿಯಂನಲ್ಲಿ ಅರ್ಧ ಹೆಜ್ಜೆ ಮುಂದೆ ಹೋಗಿ ದಾರಿ ತೋರಿಸಬೇಕು. ಆಟದ ರಾತ್ರಿ ಕುಂತಿಯ ಎದುರು ನಿಂತ ಕರ್ಣ ತಾಳವಿಲ್ಲದೆ ಪದ್ಯ ಎತ್ತುತ್ತಾನೆ. ಕೊನೆಯ ಮಾತನ್ನು ಷಡ್ಜಕ್ಕೆ ಇಳಿಸಿದ ಕ್ಷಣದಲ್ಲೇ ತಬಲದ ಪೆಟ್ಟು ಬೀಳುತ್ತದೆ, ಬಯಲಿನಿಂದ ಒನ್ಸ್ ಮೋರ್ ಏಳುತ್ತದೆ. ಆ ಪೆಟ್ಟು ಒಂದು ಗಳಿಗೆ ತಡವಾದರೆ ತಿಂಗಳುಗಳ ಕಲಿಕೆ ನೀರುಪಾಲು. ನನ್ನ ತಲೆಮಾರಿನ ಮೇಷ್ಟ್ರುಗಳು ಹೀಗೆ ಸಾವಿರಾರು ಕಂಠಗಳನ್ನು ತಿದ್ದಿದ್ದಾರೆ. ಅವರ ಹೆಸರು ಊರ ಕರಪತ್ರ ಬಿಟ್ಟರೆ ಎಲ್ಲೂ ಅಚ್ಚಾಗಿಲ್ಲ.

ಕುಣಿಗಲ್ ಕೆರೆಯ ಹಾಡನ್ನು ಇಂದು ಕನ್ನಡಿಗರೆಲ್ಲ ಗುನುಗುತ್ತಾರೆ. ಕಟ್ಟಿದವರು ಯಾರೋ ತಿಳಿಯದು, ಆದರೂ ಜಾನಪದ ಎಂಬ ಗೌರವ ಸಿಕ್ಕಿ ಅದು ಉಳಿಯಿತು. ಕಂಪನಿಯ ಹಾಡಿಗೆ ಆ ಗೌರವವಿಲ್ಲ. ಶಾಸ್ತ್ರೀಯದವರು ಹಗುರ ಎಂದರು, ಜಾನಪದದವರು ಪೇಟೆಯದು ಎಂದರು, ಸಾಹಿತ್ಯದವರು ಕಾವ್ಯವಲ್ಲ ಎಂದರು. ತುಮಕೂರಿನಲ್ಲಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ, ಅವರ ಹೆಸರಿನಲ್ಲಿ ಸರ್ಕಾರದ ಪ್ರಶಸ್ತಿಯಿದೆ. ಅದು ಸಂತೋಷವೇ. ಆದರೆ ಅವರ ರಂಗದ ಮೇಲೆ ಕೇಳಿದ ಮಟ್ಟುಗಳು ಬಲ್ಲವರ ಬಾಯಲ್ಲಿ ಮಾತ್ರ ಉಳಿದಿವೆ, ಬಲ್ಲವರಿಗೆ ವಯಸ್ಸಾಗಿದೆ.

ತುಮಕೂರು ವಿಶ್ವವಿದ್ಯಾಲಯ ಈ ಕೆಲಸಕ್ಕೆ ಕೈಹಾಕಬೇಕು. ಗುಬ್ಬಿ, ಕುಣಿಗಲ್, ತುಮಕೂರು ಮೂರೂ ತಾಲ್ಲೂಕಿನ ಹಿರಿಯ ಮೇಷ್ಟ್ರುಗಳನ್ನು ಅವರವರ ಹಾರ್ಮೋನಿಯಂ ಮುಂದೆ ಕೂರಿಸಿ, ಪದ್ಯ ಕಲಿಸುವ ಕ್ರಮ ಸಮೇತ ಧ್ವನಿಮುದ್ರಿಸಬೇಕು. ಮನೆಯಲ್ಲಿ ಹಳೆಯ ನಾಟಕದ ಹಾಡಿನ ಪುಸ್ತಕ, ತಾತ ಬರೆದಿಟ್ಟ ಪದ್ಯದ ನೋಟುಬುಕ್ಕು, ಕರಪತ್ರ ಇರುವವರು ದಯವಿಟ್ಟು ಅವನ್ನು ರದ್ದಿಗೆ ಹಾಕಬೇಡಿ. ಹತ್ತಿರದ ಗ್ರಂಥಾಲಯಕ್ಕೋ ಕಾಲೇಜಿನ ಕನ್ನಡ ವಿಭಾಗಕ್ಕೋ ತಲುಪಿಸಿ, ಪುಸ್ತಕದ ಮೇಲೆ ಹಾಡುತ್ತಿದ್ದವರ ಹೆಸರನ್ನೂ ಊರನ್ನೂ ಬರೆದು ಕೊಡಿ.