ಹುಳುಮನೆ, ಮಗ್ಗದ ಮನೆ ಮತ್ತು ನಗರದ ನಕ್ಷೆ

ವಾಸದ ಮನೆ ಒಂದು ಕಡೆ, ದುಡಿಮೆಯ ತಾಣ ಇನ್ನೊಂದು ಕಡೆ ಇರಬೇಕು, ಇವೆರಡರ ನಡುವೆ ಮರಗಿಡಗಳ ಅಂತರ ಇರಬೇಕು ಎಂಬ ನಿಯಮ ಇಂದು ನಗರ ಯೋಜನೆಯ ಮೊದಲ ಪಾಠವೆನ್ನುವಷ್ಟು ಸಹಜವಾಗಿ ಕಂಡರೂ, ಅದು ಬಹಳ ಹಳೆಯದೇನಲ್ಲ. ಆಧುನಿಕ ವಾಸ್ತುಶಿಲ್ಪದ ಅಂತರರಾಷ್ಟ್ರೀಯ ಸಮ್ಮೇಳನವು 1933ರಲ್ಲಿ ಮಾರ್ಸೇಲ್ಸ್ ಮತ್ತು ಅಥೆನ್ಸ್ ನಡುವೆ ಸಂಚರಿಸಿದ ಹಡಗಿನಲ್ಲಿ ಸಭೆ ಸೇರಿ, ವಾಸ, ದುಡಿಮೆ, ವಿರಾಮ ಮತ್ತು ಸಂಚಾರ ಎಂದು ನಗರದ ಬಾಳನ್ನು ನಾಲ್ಕಾಗಿ ವಿಂಗಡಿಸಿತು. ಆ ಚರ್ಚೆಯನ್ನು ಲೆ ಕಾರ್ಬೂಸಿಯೆ 1943ರಲ್ಲಿ ಅಥೆನ್ಸ್ ಸನ್ನದು ಎಂಬ ಹೆಸರಿನಲ್ಲಿ ಪ್ರಕಟಿಸಿದ ಮೇಲೆ ಅದು ಯುರೋಪಿನ ಗಡಿ ದಾಟಿ ಹಬ್ಬಿತು. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳ ಓಣಿಗಳನ್ನು ಈ ವಿಂಗಡಣೆಯ ಕಣ್ಣಿನಿಂದ ನೋಡಿದರೆ ಅಲ್ಲಿ ಕಾಣುವುದು ಬರೀ ಗೊಂದಲ, ಏಕೆಂದರೆ ಮಲಗುವ ಕೋಣೆಯ ಗೋಡೆಯ ಆಚೆಗೇ ಗೂಡು ಬೇಯುತ್ತಿರುತ್ತದೆ. ಆದರೆ ಈ ಓಣಿಗಳೂ ಆ ನಿಯಮವೂ ಒಂದೇ ಕಸುಬಿನ ಇತಿಹಾಸಕ್ಕೆ ಸೇರಿದವು, ಮತ್ತು ಆ ಕಸುಬು ರೇಷ್ಮೆ.

ಫ್ರಾನ್ಸಿನ ಲಿಯಾನ್ ನಗರದ ಉತ್ತರಕ್ಕಿರುವ ಕ್ರುವಾ-ರೂಸ್ ಎಂಬ ದಿಬ್ಬದಲ್ಲಿ 19ನೆಯ ಶತಮಾನದ ಮೊದಲ ದಶಕಗಳಲ್ಲಿ ಎದ್ದ ಮಹಡಿ ಮನೆಗಳ ಅಳತೆಯನ್ನು ನಿರ್ಧರಿಸಿದ್ದು ಅವುಗಳಲ್ಲಿ ಇರಬೇಕಾಗಿದ್ದ ಮನುಷ್ಯರಲ್ಲ, ಮಗ್ಗಗಳು. ತೂತು ಕೊರೆದ ರಟ್ಟುಗಳ ನೆರವಿನಿಂದ ಸೀರೆಯ ಅಂಚಿನಂಥ ಚಿತ್ತಾರವನ್ನು ತಾನೇ ನೇಯುವ ಜಕಾರ್ಡ್ ಮಗ್ಗವು ಎತ್ತರದ ಯಂತ್ರವಾದ್ದರಿಂದ, ಅದನ್ನು ನಿಲ್ಲಿಸಲು ಸುಮಾರು 4 ಮೀಟರ್ ಎತ್ತರದ ಚಾವಣಿ, ಭಾರ ತಡೆಯುವ ಓಕ್ ಮರದ ತೊಲೆಗಳು ಮತ್ತು ಬಣ್ಣದ ಎಳೆಗಳನ್ನು ಗುರುತಿಸಲು ಸಾಕಷ್ಟು ಬೆಳಕು ತರುವ ಉದ್ದನೆಯ ಕಿಟಕಿಗಳು ಬೇಕಾದವು. ನೇಕಾರನ ಕುಟುಂಬ ಅದೇ ಕೋಣೆಯಲ್ಲಿ ಅಡುಗೆ ಮಾಡಿಕೊಂಡು, ಚಾವಣಿಯ ಕೆಳಗೆ ಮರದ ಹಲಗೆಗಳಿಂದ ಕಟ್ಟಿದ ಅಟ್ಟದ ಮೇಲೆ ಮಲಗುತ್ತಿತ್ತು. ಕನ್ಯೂ ಎಂದು ಕರೆಸಿಕೊಂಡ ಈ ನೇಕಾರರು ನೇಯ್ಗೆಯ ಕೂಲಿಗೆ ಕನಿಷ್ಠ ದರ ಕೇಳಿ 1831ರಲ್ಲಿ ದಂಗೆ ಎದ್ದರು, 1834ರಲ್ಲಿ ಮತ್ತೊಮ್ಮೆ ಎದ್ದರು. ಮನೆಯೇ ಕಾರ್ಖಾನೆಯಾಗಿದ್ದ ಆ ದಿಬ್ಬದಲ್ಲಿ ಕೂಲಿಯ ಜಗಳ ಇಡೀ ಬೀದಿಯ ಜಗಳವಾದದ್ದು ಸಹಜವೇ ಆಗಿತ್ತು.

ಇದೇ ಕ್ರುವಾ-ರೂಸ್‌ನಲ್ಲಿ 1869ರಲ್ಲಿ ಹುಟ್ಟಿದ ಟೋನಿ ಗಾರ್ನಿಯೆಯ ತಂದೆ ರೇಷ್ಮೆ ಬಟ್ಟೆಗೆ ಚಿತ್ತಾರ ಬರೆಯುವವರು, ತಾಯಿ ನೇಕಾರ್ತಿ. ವಾಸ್ತುಶಿಲ್ಪ ಕಲಿತು, ರೋಮ್ ಬಹುಮಾನ ಪಡೆದು ಆ ನಗರದಲ್ಲಿ ನೆಲೆಸಿದ್ದಾಗ ಪ್ರಾಚೀನ ಅವಶೇಷಗಳ ಚಿತ್ರ ಬರೆಯಬೇಕಾಗಿದ್ದ ಗಾರ್ನಿಯೆ, ಅದರ ಬದಲು ಇಲ್ಲದ ಒಂದು ನಗರದ ನಕ್ಷೆಗಳನ್ನು ಬರೆದು 1904ರಲ್ಲಿ ಪ್ರದರ್ಶಿಸಿದರು. ‘ಕೈಗಾರಿಕಾ ನಗರ’ ಎಂಬ ಹೆಸರಿನಲ್ಲಿ ಅವು 1917ರಲ್ಲಿ ಅಚ್ಚಾದವು. ಅದರಲ್ಲಿ ಕಾರ್ಖಾನೆಗಳು ಬೇರೆ, ಮನೆಗಳು ಬೇರೆ, ಆಸ್ಪತ್ರೆಗಳು ಬೇರೆ. ಮನೆಗಳೆಲ್ಲ ತೋಟದ ನಡುವೆ ಬಿಡಿಬಿಡಿಯಾಗಿ ನಿಂತಿದ್ದು, ಮಲಗುವ ಕೋಣೆಗಳಲ್ಲಿ ದಕ್ಷಿಣದ ಬಿಸಿಲಿಗೆ ತೆರೆದ ಕಿಟಕಿ ಒಂದಾದರೂ ಇರಲೇಬೇಕು ಎಂಬ ಕಟ್ಟಳೆಯಿದೆ. ಮಗ್ಗದ ಸದ್ದಿನಲ್ಲಿ ಬೆಳೆದ ಮಗು ದೊಡ್ಡವನಾಗಿ ಬಯಸಬಹುದಾದ ಮನೆ ಇದು ಎಂದು ಹೇಳಿದರೆ ಅತಿಶಯವಾಗಲಾರದು. ಲೆ ಕಾರ್ಬೂಸಿಯೆ 1923ರ ತಮ್ಮ ಪುಸ್ತಕದಲ್ಲಿ ಈ ಯೋಜನೆಯನ್ನು ಎತ್ತಿಹೇಳಿದರು. ಹೀಗೆ ಮನೆ ಮತ್ತು ಕಸುಬುಗಳ ಬೇರ್ಪಡಿಕೆ ಆಧುನಿಕರ ಒಣ ಸಿದ್ಧಾಂತವಾಗುವ ಮೊದಲು, ರೇಷ್ಮೆ ಕೆಲಸದವರ ಮನೆಯೊಳಗಿನ ಇಕ್ಕಟ್ಟನ್ನು ಬಲ್ಲವರೊಬ್ಬರ ಕೈಯಲ್ಲಿ ನಕ್ಷೆಯಾಗಿ ಮೂಡಿತ್ತು.

ಚಿಕ್ಕಬಳ್ಳಾಪುರ ಸೀಮೆಯ ಪೇಟೆಗಳು ಬೆಳೆದ ಬಗೆ ಇನ್ನೊಂದು. ಆವತಿ ನಾಡಪ್ರಭುಗಳ ವಂಶದವರು 15ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಚಿಕ್ಕಬಳ್ಳಾಪುರದ ಕೋಟೆ-ಪೇಟೆಯಾಗಲಿ, ಮರಾಠ ಮುಖಂಡ ಚಿಂತಾಮಣಿರಾಯರ ಹೆಸರು ಹೊತ್ತು ಲೇವಾದೇವಿ ಮತ್ತು ಚಿನ್ನ-ಬೆಳ್ಳಿಯ ವ್ಯಾಪಾರಕ್ಕೆ ಹೆಸರಾದ ಚಿಂತಾಮಣಿಯಾಗಲಿ, ನಗರವನ್ನು ವಿಂಗಡಿಸದೆ ಇರಲಿಲ್ಲ. ಆದರೆ ಆ ವಿಂಗಡಣೆ ಕೇರಿಗಳಾಗಿ ನಡೆಯಿತು. ಒಂದು ಕಸುಬಿನವರ ಮನೆ, ಅಂಗಡಿ, ಕೆಲಸದ ಜಗಲಿ ಮೂರೂ ಒಂದೇ ಕೇರಿಯಲ್ಲಿ, ಎಷ್ಟೋ ಕಡೆ ಒಂದೇ ಸೂರಿನಡಿಯಲ್ಲಿ ಇದ್ದವು. ಯುರೋಪಿನ ವಲಯ ವಿಂಗಡಣೆ ಒಬ್ಬನೇ ಮನುಷ್ಯನ ದಿನವನ್ನು ಹೋಳು ಮಾಡಿ ಬೇರೆಬೇರೆ ಕಡೆ ಇಟ್ಟರೆ, ಪೇಟೆಯ ಕೇರಿ ವಿಂಗಡಣೆ ಮನುಷ್ಯ ಮನುಷ್ಯರನ್ನೇ ಬೇರೆಬೇರೆ ಇಟ್ಟಿತು. ಎರಡನೆಯದರ ಅನ್ಯಾಯವನ್ನು ಮರೆತು ಹಳೆಯ ಪೇಟೆಯನ್ನು ಹೊಗಳುವುದು ಸಲ್ಲದು. ಆದರೆ ಆ ಸೂರಿನ ಆಸರೆ ಇಲ್ಲದಿದ್ದರೆ ರೇಷ್ಮೆ ಈ ಸೀಮೆಯಲ್ಲಿ ಬೇರೂರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಮೈಸೂರು ಸೀಮೆಗೆ ರೇಷ್ಮೆ ಹುಳು ಸಾಕಣೆಯನ್ನು ತಂದು ನೆಲೆಗೊಳಿಸಿದ ಹೆಸರು ಟಿಪ್ಪು ಸುಲ್ತಾನನದು. 1860ರ ದಶಕದಲ್ಲಿ ರೋಗ ಬಿದ್ದು ಹುಳುಗಳು ಸಾಯತೊಡಗಿದಾಗ, ಡಿ ವೆಚ್ಚಿ ಎಂಬ ಇಟಲಿಯವರು ಜಪಾನಿನಿಂದ ಮೊಟ್ಟೆ ತರಿಸಿದ್ದಲ್ಲದೆ ಕೆಂಗೇರಿಯಲ್ಲಿ ಹಬೆಯಿಂದ ನಡೆಯುವ ನೂಲು ಬಿಚ್ಚುವ ಕಾರ್ಖಾನೆಯನ್ನೂ ಸ್ಥಾಪಿಸಿದರು. ಅದೇ ಕಾಲದಲ್ಲಿ ಫ್ರಾನ್ಸಿನಲ್ಲೂ ಹುಳುಗಳಿಗೆ ಪೆಬ್ರಿನ್ ಎಂಬ ಗಂಟುರೋಗ ತಗುಲಿತ್ತು. 1865ರಿಂದ ಐದು ವರ್ಷ ಅದರ ಹಿಂದೆ ಬಿದ್ದ ಲೂಯಿ ಪಾಶ್ಚರ್, ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗಾಣು ಕಂಡರೆ ಆ ಮೊಟ್ಟೆಗಳನ್ನು ನಾಶಪಡಿಸುವ ಕ್ರಮವನ್ನು ರೂಪಿಸಿದರು. ಕರ್ನಾಟಕದ ಬಿತ್ತನೆ ಕೋಠಿಗಳಲ್ಲಿ, ಅಂದರೆ ರೋಗವಿಲ್ಲದ ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಿ, ಇಂದಿಗೂ ನಡೆಯುವುದು ಅದೇ ಕ್ರಮ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾದ ಮೇಲೆ ವಾಷಿಂಗ್ಟನ್ ಮಾರಿ ಎಂಬ ಮತ್ತೊಬ್ಬ ಇಟಲಿಯ ತಜ್ಞರನ್ನು ಕರೆಸಿಕೊಂಡ ಮೈಸೂರು ಸರ್ಕಾರ, ರೇಷ್ಮೆಗೆಂದೇ ಒಂದು ಇಲಾಖೆಯನ್ನು ಕಟ್ಟಿತು. ಮೊಟ್ಟೆಯ ಶಾಸ್ತ್ರ, ಯಂತ್ರ, ಇಲಾಖೆ ಎಲ್ಲವೂ ಯುರೋಪಿನ ಕಡೆಯಿಂದ ಬಂದರೂ, ಮನೆ ಮಾತ್ರ ಇಲ್ಲಿಯದೇ ಉಳಿಯಿತು.

ಹುಳುಮನೆ ಎಂಬ ಮಾತು ಬಹುಕಾಲ ಬೇರೊಂದು ಕಟ್ಟಡವನ್ನು ಸೂಚಿಸುತ್ತಿರಲಿಲ್ಲ. ಹುಳು ಇರುವಷ್ಟು ದಿನ ರೈತನ ಮನೆಯೇ ಹುಳುಮನೆ. ಮೊಟ್ಟೆಯೊಡೆದು ಚಾಕಿಯಾಗಿ, ಅಂದರೆ ಎಳೆಯ ಹುಳುವಾಗಿ, ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪು ತಿನ್ನುವಾಗ ಮೂಲೆಯೊಂದರಲ್ಲಿ ಎರಡು ಬಿದಿರಿನ ತಟ್ಟೆಗಳಿಗೆ ಹಿಡಿಯುತ್ತಿದ್ದ ಹುಳುಗಳು ನಾಲ್ಕು ಜ್ವರಗಳನ್ನು, ಅಂದರೆ ಪೊರೆ ಕಳಚುವ ನಾಲ್ಕು ವಿರಾಮಗಳನ್ನು, ದಾಟಿ ದೊಡ್ಡವಾಗುವ ಹೊತ್ತಿಗೆ ನಡುಮನೆಯನ್ನೆಲ್ಲ ತುಂಬಿಕೊಳ್ಳುತ್ತಿದ್ದವು. ತಟ್ಟೆಗಳನ್ನು ಜೋಡಿಸಿದ ಸ್ಟ್ಯಾಂಡಿನ ಕಾಲುಗಳಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು ಇಡುತ್ತಿದ್ದರು. ಬೀಡಿಯ ಹೊಗೆಯಂಥ ಗಾಟು ವಾಸನೆ ಒಳಗೆ ಬರದಂತೆ ನೋಡಿಕೊಳ್ಳುತ್ತಿದ್ದರು. ಸೆಕೆಯಾದರೆ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುತ್ತಿದ್ದರು. ಮನೆಯವರು ಮಲಗುವ ಜಾಗ ಜಗಲಿಗೋ ಅಂಗಳಕ್ಕೋ ಸರಿಯುತ್ತಿತ್ತು. ಹುಳು ಹಣ್ಣಾಗಿ ಸೊಪ್ಪು ಬಿಟ್ಟು ತಲೆಯೆತ್ತಿ ಆಡಿಸತೊಡಗಿದಾಗ ಅವನ್ನು ಒಂದೊಂದಾಗಿ ಆರಿಸಿ, ಬಿದಿರಿನ ಪಟ್ಟಿಯನ್ನು ಸುರುಳಿ ಸುತ್ತಿ ಹೆಣೆದ ಆಳೆತ್ತರದ ಚಂದ್ರಿಕೆಗಳಿಗೆ ಬಿಡುತ್ತಿದ್ದರು, ಮತ್ತು ಆ ಎರಡು ಮೂರು ದಿನ ಊರ ಬೀದಿಯ ಗೋಡೆಗಳಿಗೆಲ್ಲ ನೆರಳಿನಲ್ಲಿ ಚಂದ್ರಿಕೆಗಳು ಒರಗಿ ನಿಲ್ಲುತ್ತಿದ್ದವು. ಫ್ರಾನ್ಸಿನ ಸೆವೆನ್ ಬೆಟ್ಟಸೀಮೆಯಲ್ಲಿ ಹುಳು ಸಾಕಲೆಂದೇ ಮ್ಯಾಗ್ನಾನರಿ ಎಂಬ ಎತ್ತರದ ಕಲ್ಲುಕಟ್ಟಡಗಳನ್ನು ಕಟ್ಟಿ, ಚಳಿಗೆಂದು ಮೂಲೆಗಳಲ್ಲಿ ಒಲೆ ಉರಿಸುತ್ತಿದ್ದರು. ವರ್ಷವಿಡೀ ಬೆಳೆ ತೆಗೆಯಲು ಒಗ್ಗುವ ಹವೆಯಿದ್ದ ಈ ಬಯಲುಸೀಮೆಯಲ್ಲಿ ಮಣ್ಣಿನ ಗೋಡೆಯ, ತಂಪಾದ ವಾಸದ ಮನೆಯೇ ಆ ಕೆಲಸಕ್ಕೆ ಸಾಕಾಯಿತು. ಸೊಪ್ಪನ್ನು ರೆಂಬೆ ಸಮೇತ ಹಾಕುವ ಪದ್ಧತಿ ಮತ್ತು ಸರ್ಕಾರದ ಸಹಾಯಧನ ಬಂದ ಮೇಲೆ ತೋಟದ ಪಕ್ಕದಲ್ಲಿ ಬೇರೆಯೇ ಹುಳುಮನೆಗಳು ಎದ್ದು, ಹಳ್ಳಿಗಳಲ್ಲಿ ಈ ಬೇರ್ಪಡಿಕೆ ಯಾವ ನಗರ ಯೋಜನೆಯೂ ಹೇಳದೆ ತಾನಾಗಿ ನಡೆದುಹೋಯಿತು.

ಶಿಡ್ಲಘಟ್ಟದ ಕತೆ ಇದಕ್ಕಿಂತ ಗಟ್ಟಿಯಾದದ್ದು, ಏಕೆಂದರೆ ಅಲ್ಲಿ ಮನೆಯೊಳಗೆ ಸೇರಿದ್ದು ಬೆಂಕಿ ಮತ್ತು ನೀರು. ಗೂಡು ಬಿಡಿಸಿದ ಮೇಲೆ ಹೆಚ್ಚು ದಿನ ಇಡುವಂತಿಲ್ಲ. ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬಂದರೆ ಎಳೆ ತುಂಡಾಗಿ ನೂಲಿಗೆ ಬಾರದು. ಆದ್ದರಿಂದ ರೈತ ಹೊತ್ತು ಮೂಡುವ ಮೊದಲೇ ಮಾರುಕಟ್ಟೆ ಸೇರುತ್ತಾನೆ, ಅಂದಂದಿನ ಗೂಡು ಅಂದೇ ಹರಾಜಾಗುತ್ತದೆ, ಕೊಂಡ ರೀಲರು, ಅಂದರೆ ನೂಲು ಬಿಚ್ಚುವವರು, ಅದನ್ನು ಬೇಗ ಬೇಯಿಸಲೇಬೇಕು. ರಾಮನಗರದ ಜೊತೆಗೆ ರಾಜ್ಯದ ಅತಿ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದೆನಿಸಿದ ಇಲ್ಲಿ, 1959ರ ಕಾಯಿದೆ ದಲ್ಲಾಳಿಗಳನ್ನು ದೂರವಿಟ್ಟು ಸರ್ಕಾರಿ ಮಾರುಕಟ್ಟೆಯಲ್ಲೇ ವಹಿವಾಟು ನಡೆಯಬೇಕೆಂದು ಕಟ್ಟುಮಾಡಿತು. ಇತ್ತೀಚೆಗೆ ಕೂಗಿನ ಹರಾಜಿನ ಜಾಗಕ್ಕೆ ಇ-ಹರಾಜು ಬಂದಿದ್ದರೂ, ಒಂದು ಹಿಡಿ ಗೂಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ಒಳಗಿನ ಕೋಶದ ಸದ್ದಿನಿಂದ ಮಾಲು ಅಳೆಯುವ ರೀಲರುಗಳ ವಿದ್ಯೆ ಹೋಗಿಲ್ಲ. ಅವಸರದ ಈ ಕಸುಬಿಗೆ ಮನೆ, ಮಾರುಕಟ್ಟೆ, ಒಲೆ ಮೂರೂ ನಡೆದು ತಲುಪುವಷ್ಟು ಹತ್ತಿರ ಇರಬೇಕಿತ್ತು. ಊರಿನ ಆಕಾರ ಹುಟ್ಟಿದ್ದು ಹೀಗೆ.

ನೂಲು ಬಿಚ್ಚುವವರಲ್ಲಿ ಬಹಳಷ್ಟು ಮುಸ್ಲಿಂ ಕುಟುಂಬಗಳಿವೆ. ಗೂಡು ತರುವ ರೈತನ ತೆಲುಗು ಬೆರೆತ ಕನ್ನಡವೂ ರೀಲರಿನ ಉರ್ದುವೂ ಒಂದೇ ಹರಾಜಿನಲ್ಲಿ ಕಲೆಯುತ್ತವೆ. ಚರಕದ ಮನೆಯಲ್ಲಿ ಬೇಯಿಸುವುದೂ ಬಿಚ್ಚುವುದೂ ಒಂದೇ ಬಿಸಿನೀರಿನ ಬಾನಿಯಲ್ಲಿ: ಒಬ್ಬರು ರಾಟೆ ತಿರುಗಿಸಿದರೆ ಇನ್ನೊಬ್ಬರು ಬೆಂದ ಗೂಡುಗಳಿಂದ ಎಳೆಯ ತುದಿ ಹುಡುಕಿ, ಎಂಟು ಹತ್ತು ಗೂಡುಗಳ ಎಳೆಗಳನ್ನು ಸೇರಿಸಿ ಒಂದು ನೂಲಾಗಿಸಿ ಸಣ್ಣ ತೂತಿನ ಮೂಲಕ ಹಾಯಿಸುತ್ತಾರೆ. ಆಮೇಲೆ ಬಂದ ಕಾಟೇಜ್ ಬೇಸಿನ್ ಬೇಯಿಸುವ ಬಾನಿಯನ್ನು ಬೇರೆ ಮಾಡಿ, ಬಿಚ್ಚುವ ಕೈಗಳಿಗೆ ಉಗುರುಬೆಚ್ಚಗಿನ ನೀರನ್ನು ಕೊಟ್ಟಿತು. ಮನೆಯ ಮುಂಭಾಗದಲ್ಲಿ ಸೌದೆ, ಹಿಂಭಾಗದಲ್ಲಿ ಬೇಸಿನ್ನುಗಳ ಸಾಲು, ಹೊಗೆ ಹೋಗಲು ಚಾವಣಿಯಲ್ಲಿ ಕಿಂಡಿ, ಕಂದುನೀರು ಹರಿಯಲು ಬೀದಿಯ ಚರಂಡಿಗೆ ತೂಬು, ಒಣಗಿಸಿ ಮಾರಲೆಂದು ಹರಡಿದ ಕೋಶದ ಕಟು ವಾಸನೆ. ಇವೆಲ್ಲ ಸೇರಿ ಶಿಡ್ಲಘಟ್ಟದ ರೀಲಿಂಗ್ ಮನೆ ಕ್ರುವಾ-ರೂಸ್‌ನ ಮನೆಯಷ್ಟೇ ನಿರ್ದಿಷ್ಟವಾದ ಒಂದು ಕಟ್ಟಡ ಪ್ರಕಾರವಾಗಿ ನಿಲ್ಲುತ್ತದೆ. ಅಲ್ಲಿ ಮಗ್ಗ ಚಾವಣಿಯನ್ನು ಮೇಲೆತ್ತಿತು. ಇಲ್ಲಿ ಬಾನಿ ನೆಲವನ್ನು ಚರಂಡಿಯ ಕಡೆಗೆ ಇಳಿಜಾರಾಗಿಸಿತು.

ಈ ಕಸುಬನ್ನು ಹೊರಗಿನ ಲೋಕಕ್ಕೆ ಕಟ್ಟಿದ್ದು ರೈಲು. 1890ರ ದಶಕದಲ್ಲೇ ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹಾಕಿದ ದಾರಿ ಗೌರಿಬಿದನೂರನ್ನು ಹಾದುಹೋಗಿತ್ತು. 20ನೆಯ ಶತಮಾನದ ಎರಡನೆಯ ದಶಕದಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ, 2 ಅಡಿ 6 ಅಂಗುಲ ಅಗಲದ ಪುಟ್ಟ ಹಳಿ ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೂ ಕೋಲಾರದ ಕಡೆಯಿಂದ ಚಿಂತಾಮಣಿ, ಶಿಡ್ಲಘಟ್ಟಗಳಿಗೂ ಬಂದಿತು. ದಪ್ಪ ಕಲ್ಲಿನ ಗೋಡೆ, ಇಳಿಜಾರು ಹೆಂಚಿನ ಸೂರಿನ ಅದರ ನಿಲ್ದಾಣಗಳಲ್ಲಿ ನಂದಿ ಹಾಲ್ಟ್‌ನಂಥ ಕೆಲವನ್ನು ಈಗ ಜೀರ್ಣೋದ್ಧಾರ ಮಾಡಲಾಗಿದೆ. 2013ರ ಹೊತ್ತಿಗೆ ಆ ಹಳಿ ಬ್ರಾಡ್‌ಗೇಜ್ ಆಯಿತು.

ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರಿಗೆ ಯೋಜಿತ ನಗರದ ಮೇಲೆ ಅಪಾರ ನಂಬಿಕೆಯಿತ್ತು; ಅವರು ಅಡಿಪಾಯ ಹಾಕಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಊರಿಗೆ 1940ರ ದಶಕದಲ್ಲಿ ನಕ್ಷೆ ಬರೆದವರು ಬರ್ಲಿನ್ನಿನಲ್ಲಿ ಕಲಿತು, ನಾಜಿಗಳ ಕಾರಣ ದೇಶ ಬಿಟ್ಟು, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದ ಯೆಹೂದಿ ಮೂಲದ ಆಟೊ ಕೋನಿಗ್ಸ್‌ಬರ್ಗರ್. ಮುಂದೆ ಭುವನೇಶ್ವರದ ನಕ್ಷೆಯನ್ನೂ ಬರೆದ ಅವರ ಮೂಲಕ ಯುರೋಪಿನ ಆಧುನಿಕ ನಗರ ಕಲ್ಪನೆ ಕರ್ನಾಟಕದ ಮಣ್ಣಿನಲ್ಲಿ ಊರಿ ನಿಂತಿತು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ಪ್ರತಿ ಊರಿಗೂ ಒಂದು ಮಹಾ ಯೋಜನೆಯ ದಾರಿ ತೆರೆದ ಮೇಲೆ, ವಾಸದ ವಲಯಕ್ಕೆ ಹಳದಿ, ಕೈಗಾರಿಕೆಯ ವಲಯಕ್ಕೆ ನೇರಳೆ ಎಂದು ನಕ್ಷೆಗಳಿಗೆ ಬಣ್ಣ ತುಂಬುವ ಕ್ರಮ ಚಿಕ್ಕ ಊರುಗಳಿಗೂ ಇಳಿಯಿತು. ರೀಲಿಂಗ್ ಮನೆ ಹಳದಿಯೂ ಹೌದು, ನೇರಳೆಯೂ ಹೌದು. ಎರಡನ್ನೂ ಒಟ್ಟಿಗೆ ಬಳಿಯುವ ಕುಂಚ ಆ ಕ್ರಮದಲ್ಲಿ ಇರಲಿಲ್ಲ.

ಹಾಗೆಂದು ಗಾರ್ನಿಯೆಯ ಬಯಕೆ ಸುಳ್ಳಾಗಿರಲಿಲ್ಲ. ದಿನವಿಡೀ ಬಿಸಿನೀರಿನಲ್ಲಿ ಅದ್ದಿದ ಬೆರಳುಗಳ ಚರ್ಮ ಸುಲಿಯುತ್ತದೆ; ಸೌದೆಯ ಹೊಗೆ ಮತ್ತು ಹಬೆಯಿಂದ ದಮ್ಮು ಬರುತ್ತದೆ; ಮುಂಗಡ ಸಾಲದ ಕಟ್ಟಿಗೆ ಸಿಕ್ಕು ಮಕ್ಕಳು ಬಾನಿಗಳ ಮುಂದೆ ಕೂತ ಕಾಲವೊಂದು ಈ ಕಸುಬಿಗಿತ್ತು, ಮತ್ತು ಮನೆಯೇ ಕಾರ್ಖಾನೆಯಾದದ್ದರಿಂದ ಆ ಮಕ್ಕಳು ತಪಾಸಣೆಯ ಕಣ್ಣಿಗೆ ಬೀಳುವುದು ಕಷ್ಟವಾಗಿತ್ತು. ಇವನ್ನು ಮರೆತು ಮನೆ-ಕಸುಬಿನ ಒಗ್ಗೂಡುವಿಕೆಯನ್ನು ಆದರ್ಶವೆಂದು ಬರೆಯುವುದು ಆ ಮಕ್ಕಳಿಗೆ ಮಾಡುವ ಅನ್ಯಾಯವಾದೀತು. ಆದರೆ ಮಗುವಿಗೆ ಹಾಲೂಡಿಸಿ ಬಂದು ಮತ್ತೆ ನೂಲಿಗೆ ಕೂರುವ, ಬಸ್ಸಿನ ಖರ್ಚಿಲ್ಲದೆ ದುಡಿಯುವ ಹೆಣ್ಣುಮಕ್ಕಳಿಗೆ ಅದೇ ಸೂರು ಕೊಟ್ಟ ಆಸರೆಯನ್ನು ನಕ್ಷೆಯ ಬಣ್ಣಗಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೊಗೆಗೆ ಚಿಮಣಿ, ಕೈಗೆ ಹದವಾದ ನೀರು, ಚರಂಡಿಗೆ ಶುದ್ಧೀಕರಣ, ಮಕ್ಕಳಿಗೆ ಶಾಲೆ ಬೇಕಾಗಿದ್ದವು. ಮನೆಯನ್ನು ಕಸುಬಿನಿಂದ ಕಿತ್ತುಹಾಕುವುದಕ್ಕಿಂತ ಇವು ಮೊದಲು ಆಗಬೇಕಿದ್ದ ಕೆಲಸಗಳು.

ಈಗ ನೂರಾರು ಎಳೆಗಳನ್ನು ಒಮ್ಮೆಗೇ ಬಿಚ್ಚುವ ಸ್ವಯಂಚಾಲಿತ ಯಂತ್ರಗಳು ಬಂದಿವೆ. ಅವಕ್ಕೆ ಉದ್ದನೆಯ ಶೆಡ್ಡು, ಬಾಯ್ಲರು, ಹೆಚ್ಚಿನ ವಿದ್ಯುತ್ತು ಬೇಕಾದ್ದರಿಂದ ಓಣಿಯ ಮನೆ ಅವನ್ನು ಒಳಗೊಳ್ಳಲಾರದು. ಲಿಯಾನ್‌ನಲ್ಲೂ ವಿದ್ಯುತ್ ಮಗ್ಗಗಳು ಬಂದ ಮೇಲೆ ಎತ್ತರದ ಚಾವಣಿಗಳು ಖಾಲಿಯಾದವು. ಆದರೆ ಅಲ್ಲಿ ಕನ್ಯೂಗಳ ಮನೆ ಎಂಬ ವಸ್ತುಸಂಗ್ರಹಾಲಯ ತೆರೆಯಿತು, 1998ರಲ್ಲಿ ಆ ದಿಬ್ಬದ ಇಳಿಜಾರುಗಳೂ ಲಿಯಾನ್‌ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, ಮಗ್ಗ ನಿಲ್ಲಲು ಕಟ್ಟಿದ ಕೋಣೆಗಳಿಗೆ ಈಗ ಬೇಡಿಕೆ ಹೆಚ್ಚಿದೆ. ಇದೇ ಜಿಲ್ಲೆಯ ಭೋಗನಂದೀಶ್ವರನ ಗುಡಿಯ ಕಂಬಗಳನ್ನು ಅಳೆದಷ್ಟೇ ನಿಷ್ಠೆಯಿಂದ ಅಳೆಯಬೇಕಾದ ಕಟ್ಟಡ ಶಿಡ್ಲಘಟ್ಟದ ಓಣಿಯಲ್ಲಿ ನಿಂತಿದೆ. ಅದರ ನಕ್ಷೆ ಬರೆಯುವವರು ಹೆಬ್ಬಾಗಿಲಿನಿಂದ ತೊಡಗಿದರೆ ಮನೆ ಅರ್ಥವಾಗದು. ಹಿಂಗೋಡೆಯ ಬುಡದಲ್ಲಿ ಕಂದುನೀರು ಹೊರಬೀಳುವ ತೂಬಿನಿಂದ ತೊಡಗಿ, ಇಳಿಜಾರು ನೆಲದ ಮೇಲೆ ಬಾನಿಗಳ ಸಾಲನ್ನು ಹಿಂಬಾಲಿಸಿ, ಮಸಿ ಹಿಡಿದ ಕಿಂಡಿಯನ್ನು ಗುರುತು ಹಾಕಿಕೊಂಡು, ಕಡೆಗೆ ಮಂಚ ಹಾಕಿದ ಕೋಣೆಗೆ ಬರಬೇಕು.