ಸೇರಿನಿಂದ ಕಿಲೋಗ್ರಾಮಿಗೆ: ಹುಣಸೂರು–ಪಿರಿಯಾಪಟ್ಟಣ ಸೀಮೆಯ ತೂಕಪರಿವರ್ತನೆ

ಗ್ರಾಮೀಣ ಆರ್ಥಿಕ ಬದುಕಿನ ಚರಿತ್ರೆಯನ್ನು ಕಟ್ಟಿಕೊಡುವಲ್ಲಿ ಸಾಲಪತ್ರ, ಕಡತ, ಅಂಗಡಿಯ ಲೆಕ್ಕದ ಪುಸ್ತಕ ಮತ್ತು ಮೌಖಿಕ ಪರಂಪರೆ ಮುಖ್ಯ ಆಕರಗಳಾಗಿವೆ. ಇವುಗಳಲ್ಲಿ ಬರುವ ಮಣ, ಸೇರು, ಕೊಳಗ, ಖಂಡುಗಗಳನ್ನು ಇಂದಿನ ಕಿಲೋಗ್ರಾಮಿಗೆ ಪರಿವರ್ತಿಸುವುದು ಸಂಶೋಧಕರಿಗೆ ಅನಿವಾರ್ಯ. ಮೇಲ್ನೋಟಕ್ಕೆ ಇದು ಒಂದು ಗುಣಾಕಾರವಷ್ಟೇ ಎನಿಸುತ್ತದೆ. ಆದರೆ ಒಂದೇ ಹೆಸರಿನ ಮಾನಗಳು ಬೇರೆ ಬೇರೆ ಪ್ರಮಾಣಗಳನ್ನು ಸೂಚಿಸುತ್ತಿದ್ದ ಹಳೆಯ ಮೈಸೂರು ಪ್ರಾಂತ್ಯದಲ್ಲಿ, ಯಾವ ಸೇರು ಎಂಬುದನ್ನು ನಿರ್ಧರಿಸದೆ ಮಾಡಿದ ಪರಿವರ್ತನೆ ಮೂರುಪಟ್ಟಿಗೂ ಮಿಗಿಲಾದ ತಪ್ಪಿಗೆ ಎಡೆಮಾಡಿಕೊಡುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಮತ್ತು ಹಿಂದೆ ಎಡತೊರೆ ಎನಿಸಿದ್ದ ಕೃಷ್ಣರಾಜನಗರ ತಾಲೂಕುಗಳು ಈ ದೃಷ್ಟಿಯಿಂದ ಗಮನಾರ್ಹವಾಗಿವೆ. ಕಾವೇರಿ ನಾಲೆಗಳ ಭತ್ತ, ಪಿರಿಯಾಪಟ್ಟಣದ ಹಾರನಹಳ್ಳಿ ಮೊದಲಾದ ಹೋಬಳಿಗಳ ರಾಗಿ ಮತ್ತು ಹೊಗೆಸೊಪ್ಪು, ಪಶ್ಚಿಮದ ಗಡಿಗೆ ತಾಗಿದ ಕೊಡಗಿನ ಕಾಫಿ ಇವು ಒಂದೇ ವ್ಯಾಪಾರವಲಯದಲ್ಲಿ ಸಂಧಿಸುತ್ತಿದ್ದವು. ಧಾನ್ಯಕ್ಕೆ ಅಳತೆ, ಬೆಲ್ಲ, ಹುಣಸೆಹಣ್ಣು, ಹೊಗೆಸೊಪ್ಪುಗಳಿಗೆ ತೂಕ, ರಫ್ತಿನ ಕಾಫಿಗೆ ಇಂಗ್ಲಿಷ್ ಮಾನ ಹೀಗೆ ಮೂರು ಪದ್ಧತಿಗಳು ಏಕಕಾಲದಲ್ಲಿ ಬಳಕೆಯಲ್ಲಿದ್ದವು.

ಬ್ರಿಟಿಷ್ ಭಾರತದ ತೂಕಕ್ಕೆ ನಾಣ್ಯವೇ ಆಧಾರವಾಗಿತ್ತು. 1833ರಲ್ಲಿ ಬಂಗಾಳ ಪ್ರಾಂತ್ಯದಲ್ಲಿ 180 ಗ್ರೇನ್ ತೂಕದ ತೊಲವನ್ನು ಪ್ರಮಾಣವಾಗಿ ಸ್ವೀಕರಿಸಲಾಯಿತು. ಬೆಳ್ಳಿಯ ರೂಪಾಯಿಯ ತೂಕವೂ ಅಷ್ಟೇ. ಆದುದರಿಂದ ರೂಪಾಯಿಯನ್ನೇ ತಕ್ಕಡಿಯ ಬಟ್ಟಾಗಿ ಬಳಸುವುದು ಸಾಧ್ಯವಾಯಿತು. ಒಂದು ತೊಲಕ್ಕೆ 11.66 ಗ್ರಾಂ, 80 ತೊಲದ ಒಂದು ಸೇರಿಗೆ 933.1 ಗ್ರಾಂ, 40 ಸೇರಿನ ಒಂದು ಮಣಕ್ಕೆ 37.32 ಕಿಲೋಗ್ರಾಂ. ಇಂಗ್ಲಿಷ್ ಪೌಂಡು 453.6 ಗ್ರಾಂ ಆಗಿರುವುದರಿಂದ ಈ ಮಣವು 82 ಪೌಂಡಿಗಿಂತ ತುಸು ಹೆಚ್ಚು. ಬಹುಪಾಲು ಪರಿವರ್ತನಾ ಕೋಷ್ಟಕಗಳಲ್ಲಿ ಕಾಣಸಿಗುವುದು ಈ ಲೆಕ್ಕವೇ.

ಮೈಸೂರು ಸೀಮೆಯ ವಾಡಿಕೆ ಇದಕ್ಕಿಂತ ಭಿನ್ನವಾಗಿತ್ತು. 1800–01ರಲ್ಲಿ ಈ ಭಾಗದಲ್ಲಿ ಸಂಚರಿಸಿ 1807ರಲ್ಲಿ ತನ್ನ ಪ್ರವಾಸಕಥನವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕನನ್ ಸ್ಥಳೀಯ ತೂಕ–ಅಳತೆಗಳನ್ನು ದಾಖಲಿಸಿದ್ದಾನೆ. ಇಲ್ಲಿ ತೂಕದ ಸರಕಿಗೆ ಬಳಸುತ್ತಿದ್ದುದು 24 ರೂಪಾಯಿ ತೂಕದ ಕಚ್ಚಾ ಸೇರು. ತೊಲದ ಲೆಕ್ಕದಲ್ಲಿ ಇದು ಸುಮಾರು 280 ಗ್ರಾಂ. 40 ಕಚ್ಚಾ ಸೇರಿನ ಮಣ ಸುಮಾರು 11.2 ಕಿಲೋಗ್ರಾಂ. ಇದು 25 ಪೌಂಡಿನ ಮದರಾಸು ಮಣಕ್ಕೆ ಹತ್ತಿರವೇ ಹೊರತು ಬಂಗಾಳದ ಮಣಕ್ಕಲ್ಲ. ಹಳೆಯ ಪತ್ರವೊಂದರಲ್ಲಿ ‘ಹತ್ತು ಮಣ ಹೊಗೆಸೊಪ್ಪು’ ಎಂದಿದ್ದರೆ, ಕಚ್ಚಾ ಮಣದಲ್ಲಿ ಅದು ಸುಮಾರು 112 ಕಿಲೋಗ್ರಾಂ, ಪಕ್ಕಾ ಮಣದಲ್ಲಿ 373 ಕಿಲೋಗ್ರಾಂ. ಒಂದು ಕುಟುಂಬದ ಇಳುವರಿ, ಸಾಲ, ಕಂದಾಯ ಕಟ್ಟುವ ಶಕ್ತಿ ಇವುಗಳ ಬಗೆಗಿನ ತೀರ್ಮಾನವೆಲ್ಲವೂ ಈ ಒಂದು ಆಯ್ಕೆಯನ್ನು ಅವಲಂಬಿಸಿದೆ.

ಧಾನ್ಯದ ವಿಷಯದಲ್ಲಿ ತೊಡಕು ಇನ್ನೂ ಆಳವಾದುದು. ಚಟಾಕು, ಪಾವು, ಅಚ್ಚೇರು, ಸೇರು, ಕೊಳಗಗಳು ಇಲ್ಲಿ ಪಾತ್ರೆಯ ಗಾತ್ರವನ್ನು ಸೂಚಿಸುತ್ತವೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಒಂದೇ ಕೊಳಗದಲ್ಲಿ ಅಳೆದ ಭತ್ತಕ್ಕೂ ಅಕ್ಕಿಗೂ ತೂಕ ಒಂದೇ ಆಗಿರುವುದಿಲ್ಲ. ಅಂಚಿಗೆ ಸಮನಾಗಿ ಸವರಿದ ಅಳತೆಗೂ ಗೋಪುರದಂತೆ ಏರಿಸಿ ತುಂಬಿದ ಅಳತೆಗೂ ಅಂತರವಿರುತ್ತದೆ. ಸಾಲ ಕೊಡುವಾಗ ಯಾವುದು, ಹಿಂಪಡೆಯುವಾಗ ಯಾವುದು ಎಂಬುದರಲ್ಲಿ ಬಡ ಒಕ್ಕಲಿನ ವರ್ಷದ ಕೂಳು ಅಡಗಿತ್ತು. ಖಂಡುಗವು ಭೂಮಿಯ ಅಳತೆಯೂ ಹೌದು. ಅಷ್ಟು ಬೀಜ ಹಿಡಿಯುವ ನೆಲ ಎಂಬ ಅರ್ಥದಲ್ಲಿ ಅದು ಶಾಸನಗಳಲ್ಲಿಯೂ ದೊರೆಯುತ್ತದೆ.

ಕಣದ ಆಚರಣೆಗಳು ಈ ಅಳತೆಗೆ ಸಾಮಾಜಿಕ ಆಯಾಮವನ್ನು ನೀಡಿದ್ದವು. ರಾಶಿಪೂಜೆಯ ಬಳಿಕ ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವುದು ಜನಪದರ ವಾಡಿಕೆ. ಕಮ್ಮಾರ, ಬಡಗಿ, ಅಗಸ, ತಳವಾರ, ನೀರುಗಂಟಿ ಮೊದಲಾದ ಆಯಗಾರರ ಪಾಲು ಕಣದಲ್ಲಿಯೇ ಸಲ್ಲುತ್ತಿತ್ತು. ಅಳೆಯುವ ಕೈಯ ಧಾರಾಳತನ ಅಥವಾ ಬಿಗುವು ಆ ಪಾಲಿನ ಭಾಗವೇ ಆಗಿತ್ತು. ಯಾವ ಕೋಷ್ಟಕವೂ ಇದನ್ನು ಗ್ರಾಮಿನಲ್ಲಿ ಹೇಳಲಾರದು.

ಸ್ವಾತಂತ್ರ್ಯಾನಂತರ ಈ ವೈವಿಧ್ಯಕ್ಕೆ ಕೊನೆ ಹಾಡುವ ಯತ್ನ ನಡೆಯಿತು. 1956ರಲ್ಲಿ ಕೇಂದ್ರ ತೂಕ ಮತ್ತು ಅಳತೆಗಳ ಮಾನಕ ಅಧಿನಿಯಮ ಜಾರಿಗೆ ಬಂತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯವೂ, 1958ರ ಅಕ್ಟೋಬರ್ 1ರಿಂದ ಆಯ್ದ ಪ್ರದೇಶಗಳಲ್ಲಿ ಮೆಟ್ರಿಕ್ ತೂಕವೂ ಬಳಕೆಗೆ ಬಂದವು. 1962ರ ಏಪ್ರಿಲ್ 1ರಿಂದ ಮೆಟ್ರಿಕ್ ತೂಕ ದೇಶದಾದ್ಯಂತ ಕಡ್ಡಾಯವಾಯಿತು. ರೂಪಾಯಿ ಹಾಗೂ ಸೇರು ಎರಡೂ ಬದಲಾದುದರಿಂದ ಸಂತೆಗೆ ಹೋಗುವವರು ಬೆಲೆ ಮತ್ತು ತೂಕ ಎರಡನ್ನೂ ಹೊಸದಾಗಿ ಕಲಿಯಬೇಕಾಯಿತು. ಸೇರಿನ ಬೆಲೆಗೆ ಕಿಲೋ ಕೊಂಡವನಿಗೆ ಸುಮಾರು 67 ಗ್ರಾಂ ಲಾಭ. ಕೂಲಿಯಾಗಿ ಕಿಲೋ ಬರಬೇಕಾದಲ್ಲಿ 80 ತೊಲದ ಸೇರು ಪಡೆದವನಿಗೆ ಅಷ್ಟೇ ನಷ್ಟ.

ಕಾಫಿಯ ಲೆಕ್ಕದಲ್ಲಿ ಈ ಅಂತರ ಚಿಕ್ಕದು. 112 ಪೌಂಡಿನ ಹಂಡ್ರೆಡ್‌ವೇಟ್ 50.8 ಕಿಲೋಗ್ರಾಂ ಆಗುತ್ತದೆ. ಇಂದಿನ ಚೀಲ 50 ಕಿಲೋಗ್ರಾಮಿನದು. ಆದರೂ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಧಾರಣೆ ಪೌಂಡಿಗೆ ಇಷ್ಟು ಸೆಂಟ್ ಎಂದೇ ನಿಗದಿಯಾಗುವುದರಿಂದ ಬೆಳೆಗಾರರು ಇಂದಿಗೂ ಪರಿವರ್ತನೆಯಿಂದ ಮುಕ್ತರಲ್ಲ. ಹೊಗೆಸೊಪ್ಪಿನಲ್ಲಿ ಸ್ಥಿತಿ ಬೇರೆ. 1976ರಲ್ಲಿ ತಂಬಾಕು ಮಂಡಳಿ ಸ್ಥಾಪನೆಯಾಗಿ, 1984ರಿಂದ ಕರ್ನಾಟಕದಲ್ಲಿ ಹರಾಜು ಆರಂಭವಾದ ಮೇಲೆ ವರ್ಜೀನಿಯಾ ತಂಬಾಕಿನ ವ್ಯವಹಾರವೆಲ್ಲ ಕಿಲೋಗ್ರಾಮಿನಲ್ಲಿಯೇ ನಡೆಯುತ್ತಿದೆ.

ಕಾನೂನು ಬಟ್ಟನ್ನು ಬದಲಿಸಿತೇ ಹೊರತು ಮಾತನ್ನಲ್ಲ. ‘ಸೇರಿಗೆ ಸವ್ವಾಸೇರು’ ಎಂಬ ನುಡಿ ಉಳಿದಿದೆ. ಅಡುಗೆಮನೆಯಲ್ಲಿ ಪಾವು ಉಳಿದಿದೆ. ಎಷ್ಟೋ ಕಡೆ ಕಿಲೋಗ್ರಾಮನ್ನೇ ಸೇರು ಎನ್ನುವುದುಂಟು. ಆದ್ದರಿಂದ ವಕ್ತೃವೊಬ್ಬರು ತಮ್ಮ ಅಜ್ಜನ ಕಾಲದ ಕೂಲಿಯನ್ನು ‘ಎರಡು ಸೇರು ರಾಗಿ’ ಎಂದಾಗ, ಅದು ಇಂದಿನ ಮಾತಿನ ಸೇರೇ, ಹಳೆಯ ಅಳತೆಯ ಸೇರೇ ಎಂಬುದನ್ನು ಕೇಳಿ ತಿಳಿಯುವುದು ಕ್ಷೇತ್ರಕಾರ್ಯಕರ್ತರ ಹೊಣೆಯಾಗಿದೆ.

ಒಟ್ಟಿನಲ್ಲಿ, ಪರಿವರ್ತನೆಗೆ ಮುನ್ನ ಮೂರು ಸಂಗತಿಗಳನ್ನು ನಿರ್ಧರಿಸಬೇಕಾಗುತ್ತದೆ: ಉಲ್ಲೇಖಿತ ಮಾನ ತೂಕವೋ ಅಳತೆಯೋ, ತೂಕವಾದರೆ ಎಷ್ಟು ತೊಲದ್ದು, ಅಳತೆಯಾದರೆ ಯಾವ ಸರಕು, ಯಾವ ಬಗೆಯ ತುಂಬುವಿಕೆ. ಇವು ತಿಳಿಯದಿದ್ದಲ್ಲಿ ಮೂಲ ಮಾನವನ್ನೇ ಉಳಿಸಿಕೊಳ್ಳುವುದು ಲೇಸು. ಖಚಿತವೆಂಬಂತೆ ತೋರುವ ತಪ್ಪು ಕಿಲೋಗ್ರಾಮಿಗಿಂತ, ಪ್ರಶ್ನೆಯನ್ನು ಜೀವಂತವಾಗಿರಿಸುವ ಕೊಳಗವೇ ಚರಿತ್ರೆಗೆ ಹೆಚ್ಚು ಉಪಯುಕ್ತವಾದುದು.