ನಾಡು ಮತ್ತು ರಾಜ್ಯ

ರಾಜ್ಯವೆಂಬುದು ಆಳ್ವಿಕೆಯ ವ್ಯವಸ್ಥೆ. ನಾಡೆಂಬುದು ಜನರ ಒಗ್ಗಟ್ಟಿನ ಭಾವ. ಇವೆರಡೂ ಒಂದೇ ಅಲ್ಲವೆಂಬುದಕ್ಕೆ ನಮ್ಮ ಸೀಮೆಯ ಚರಿತ್ರೆಯೇ ಸಾಕ್ಷಿ. 9ನೆಯ ಶತಮಾನದ ‘ಕವಿರಾಜಮಾರ್ಗ’ವು ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡನಾಡನ್ನು ಗುರುತಿಸಿತು, ರಾಷ್ಟ್ರಕೂಟರ ಸಾಮ್ರಾಜ್ಯವಾದರೋ ಅದಕ್ಕಿಂತ ವಿಶಾಲವಾಗಿತ್ತು.

ಬ್ರಿಟಿಷರ ಕಾಲದಲ್ಲಿ ಹಿರೇಕೆರೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಸವಣೂರು ನವಾಬರ ಸಂಸ್ಥಾನ. ನೆರೆಯ ಶಿಕಾರಿಪುರ ಮೈಸೂರು ಅರಸರದು. ಪ್ರಭುತ್ವಗಳು ಮೂರು, ಸಂತೆಯ ನುಡಿ ಒಂದೇ. 1948ರಲ್ಲಿ ಸವಣೂರು ಮುಂಬಯಿಯಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಮೂರೂ ಒಂದೇ ರಾಜ್ಯದಲ್ಲಿ ಕೂಡಿದವು.

ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಯ ಕನ್ನಡಿಗರ ರಾಜ್ಯ ಬೇರೆಯಾಯಿತೇ ಹೊರತು ನಾಡು ಬೇರೆಯಾಗಲಿಲ್ಲ. ಗಡಿಯನ್ನು ಗುರುತಿಸುವುದು ಪ್ರಭುತ್ವದ ಕಾರ್ಯ. ಗಡಿಯಾಚೆಯ ಕನ್ನಡಿಗರನ್ನು ಮರೆಯದೆ, ಗಡಿಯೊಳಗಿನ ಅನ್ಯಭಾಷಿಕರನ್ನು ಪರಕೀಯರೆಂದು ಎಣಿಸದೆ ಬಾಳುವುದು ನಮ್ಮ ಧರ್ಮ.